ಕೈ ಎತ್ತದ ಹತ್ತು ದಿನ

ಮೊಹರಮ್ಮಿನ ಹತ್ತು ದಿನ ಅಪ್ಪ ಅವ್ವನನ್ನು ಹೊಡೆಯುತ್ತಿರಲಿಲ್ಲ. ಉಳಿದ ದಿನಗಳ ಬಗ್ಗೆ ಹಾಗೆ ಹೇಳಲಾರೆ. ಗಡಹಿಂಗ್ಲಜದಲ್ಲಿ ಮಸೀದಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ ಇತ್ತು. ಮನೆ ಅಂದರೆ ಒಂದರ ಹಿಂದೆ ಒಂದು ಎರಡು ಖೋಲಿ, ಹಿಂದೆ ಬಚ್ಚಲು, ಬಚ್ಚಲ ಮಗ್ಗುಲಿಗೆ ಒಂದು ನುಗ್ಗಿ ಗಿಡ. ನಾವು ಪಿಂಜಾರರು, ಹತ್ತಿ ಹಿಂಜಿ ಗಾದಿ ಹೊಲಿಯುವ ಮಂದಿ. ಮನೆಯೊಳಗೆ ಕನ್ನಡ, ಪ್ಯಾಟಿಯಲ್ಲಿ ಮರಾಠಿ, ನಮಾಜಿಗೆ ಅರ್ಥ ತಿಳಿಯದ ಅರಬ್ಬಿ, ಇಷ್ಟರಲ್ಲಿ ನಮ್ಮ ಬದುಕು ನಡೆಯುತ್ತಿತ್ತು. ಮುಂದಿನ ಖೋಲಿಯ ತೊಲೆಗೆ ಅಪ್ಪನ ಬಿಲ್ಲು ತೂಗುತ್ತಿತ್ತು, ನನಗಿಂತ ಉದ್ದ. ಅದರ ನರದ ಹುರಿಯನ್ನು ಕಟ್ಟಿಗೆಯ ಕೊಡತಿಯಿಂದ ಹೊಡೆದರೆ ಓಣಿಗೆಲ್ಲ ಕೇಳುವ ಹಾಗೆ ಜುಂಯ್ ಅನ್ನುತ್ತಿತ್ತು, ಗಂಟುಗಟ್ಟಿದ ಹಳೆಯ ಹತ್ತಿ ಹೊಗೆಯ ಹಾಗೆ ಮೇಲೇಳುತ್ತಿತ್ತು. ಅನ್ನದ ಮೇಲೆ, ಅವ್ವನ ಹುಬ್ಬಿನ ಮೇಲೆ, ಕುಡಿಯುವ ನೀರಿನಲ್ಲಿ, ಎಲ್ಲೆಲ್ಲೂ ಹತ್ತಿಯ ಎಳೆ. ರೊಟ್ಟಿ ಮುರಿಯುವ ಮೊದಲು ಉಫ್ ಎಂದು ಊದುವುದೇ ನಮ್ಮ ಮನೆಯ ಬಿಸ್ಮಿಲ್ಲಾ ಆಗಿತ್ತು.

ಬೇಸಿಗೆಯಲ್ಲಿ ಅಪ್ಪ ಬಿಲ್ಲು ಹೆಗಲಿಗೇರಿಸಿ ಮಹಾಗಾಂವ, ಚಂದಗಡ ಅಂತ ಊರೂರು ತಿರುಗುತ್ತಿದ್ದ. ಚಂದಗಡದ ಮಳೆ ಅಂದರೆ ಮಳೆ. ಅದು ಹಿಡಿಯುವ ಮೊದಲು ಅಲ್ಲಿಯವರ ಗಾದಿ ತಯಾರಾಗಬೇಕು. ಅವನು ಹೋದ ದಿನಗಳಲ್ಲಿ ಮನೆ ಹಗುರಾಗುತ್ತಿತ್ತು. ಮಳೆ ಬಂತೆಂದರೆ ಹತ್ತಿ ತೇವ ಕುಡಿದು ಹಿಂಜಲು ಬರುವುದಿಲ್ಲ, ಬಿಲ್ಲಿಗೆ ರಜೆ, ಅಪ್ಪ ಮನೆಯಲ್ಲಿ. ಅದು ದಾರೂಬಂದಿಯ ಕಾಲ, ಆದರೆ ಹೊಳೆದಂಡೆಯಲ್ಲಿ ಕದ್ದು ಸೆರೆ ಕಾಯಿಸುವ ಹಾತಭಟ್ಟಿಗೆ ಯಾವ ಬಂದಿಯೂ ಇರಲಿಲ್ಲ. ಕುಡಿದು ಬಂದವನು ಸಾರಿನಲ್ಲಿ ಉಪ್ಪು ಹೆಚ್ಚಾದರೆ ಹೊಡೆಯುತ್ತಿದ್ದ, ಕಡಿಮೆಯಾದರೂ ಹೊಡೆಯುತ್ತಿದ್ದ. ಅವ್ವ ಉಪ್ಪನ್ನು ಬೇರೆಯಾಗಿ ತಾಟಿನ ಅಂಚಿಗೆ ಇಡಲು ಶುರು ಮಾಡಿದಳು. ಹಾಗೆ ಇಟ್ಟದ್ದಕ್ಕೇ ಹೊಡೆದ. ಹೊಡೆಯುವ ಮೊದಲು ಎದ್ದು ಬಾಗಿಲಿಗೆ ಅಗಳಿ ಹಾಕುತ್ತಿದ್ದ. ನಾನು ಹೆದರುತ್ತಿದ್ದುದು ಏಟಿಗಿಂತ ಆ ಅಗಳಿ ಬೀಳುವ ಸಪ್ಪಳಕ್ಕೆ. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಮೂಲೆಗೆ ಕುಳಿತುಬಿಡುತ್ತಿದ್ದಳು, ಕೂಗು ಹೊರಗೆ ಹೋಗಬಾರದು ಎಂದು. ಒಮ್ಮೆ ಅವಳ ಜಡೆ ಹಿಡಿದು ಎಳೆದು ಹಣೆಯನ್ನು ಬೀಸುವ ಕಲ್ಲಿಗೆ ಬಡಿದ. ಮರುದಿನ ಅವಳು ಅದೇ ಕಲ್ಲು ತೊಳೆದು ಅದರಲ್ಲೇ ಜೋಳ ಬೀಸಿದಳು.

ಅಣ್ಣ ಇಮಾಮನಿಗೆ ಹದಿನಾರು ತುಂಬಿದ ವರ್ಷ ಅವನು ಅಡ್ಡ ಬಂದ. ಅಪ್ಪ ಮಗನ ಬಲಗೈಯನ್ನು ಬೆನ್ನ ಹಿಂದಕ್ಕೆ ತಿರುವಿದ. ಹಸಿ ಕಟ್ಟಿಗೆ ಮುರಿದ ಹಾಗೆ ಸಪ್ಪಳವಾಯಿತು. ಇಮಾಮ ಒದರಲಿಲ್ಲ, ಬಾಯಿ ತೆರೆದುಕೊಂಡು ಅಪ್ಪನ ಮುಖವನ್ನೇ ನೋಡಿದ. ಮಗ್ಗುಲ ಮನೆಯ ಲಿಂಗಾಯತರ ಗಂಗವ್ವ ಬಿದಿರು ಸೀಳಿ ಕೈಗೆ ಕಟ್ಟಿದಳು. ಎಲುಬು ಕೂಡಿದ ಮೇಲೆ ಅವನು ಒಂದು ಚೀಲ ತಗೊಂಡು ಇಚಲಕರಂಜಿಯ ಮೋಟಾರು ಹತ್ತಿದ, ಮಗ್ಗದ ಕೆಲಸಕ್ಕೆ. ಹೋಗುವಾಗ ಅಪ್ಪನ ಕಡೆ ನೋಡಲಿಲ್ಲ. ನನ್ನ ತಲೆ ಮೇಲೆ ಎಡಗೈ ಇಟ್ಟು ಹೇಳಿದ:

"ಹಜ್ಜೂ, ನಾ ಬಂದ ಕರದಾಗ ನೀ ಬಾಗಿಲಾ ತಗೀಬೇಕ ನೋಡ."

ಇಂಥ ಮನೆಯಲ್ಲಿ ಮೊಹರಮ್ಮಿನ ಚಂದ್ರ ಕಂಡ ಸಂಜೆ ಏನಾಗುತ್ತಿತ್ತು ಎಂದು ನಾನು ಹೇಗೆ ಹೇಳಲಿ. ಊರಿನ ದೊಡ್ಡ ಪಂಜಾ, ಬೆಳ್ಳಿಯ ಆ ಐದು ಬೆರಳಿನ ಹಸ್ತ, ವರ್ಷವಿಡೀ ನಮ್ಮ ಹಿಂದಿನ ಖೋಲಿಯ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಅದನ್ನು ಹಿಡಿಯುವ ಮಾನ ನಮ್ಮ ಮನೆತನದ್ದು. ಅಪ್ಪ ಬಾವಿಯ ನೀರಿನಲ್ಲಿ ಮಿಂದು, ಹಸಿ ಬಟ್ಟೆಯಲ್ಲೇ ಪೆಟ್ಟಿಗೆ ತೆಗೆಯುತ್ತಿದ್ದ. ಆ ಕ್ಷಣದಿಂದ ಹತ್ತು ದಿನ ಕುಡಿತವಿಲ್ಲ, ಚಪ್ಪಲಿಯಿಲ್ಲ, ಹಾಸಿಗೆಯಿಲ್ಲ. ಬರೀ ನೆಲದ ಮೇಲೆ ಕಂಬಳಿ. ಪಂಜಾ ಹಿಡಿಯುವ ಕೈ ಮಂದಿಯ ಮೇಲೆ ಏಳಬಾರದು ಎಂದು ಅವನ ಅಪ್ಪ ಅವನಿಗೆ ಹೇಳಿಕೊಟ್ಟಿದ್ದನಂತೆ. ಎತ್ತುತ್ತಿರಲಿಲ್ಲ. ಅವ್ವನನ್ನು 'ಬೀಬವ್ವಾ' ಎಂದು ಹೆಸರು ಹಿಡಿದು ಕರೆಯುತ್ತಿದ್ದ. ಉಪ್ಪು ಹೆಚ್ಚಾದರೆ ನೀರು ಸುರಿದುಕೊಂಡು ಉಣ್ಣುತ್ತಿದ್ದ. ಸಂಜೆ ಮಸೀದಿ ಮಗ್ಗುಲಿಗೆ ಪಂಜಾ ಕೂಡಿಸುವ ಮಕಾನಿನಲ್ಲಿ, ತಗಡಿನ ಮಾಡಿನ ಕೆಳಗೆ ತೋಡಿದ ಅಲಾಯಿ ಕುಣಿಯ ಬೆಂಕಿಯ ಮುಂದೆ, ಹುಸೇನರ ಮರಣದ ಪದ ಹಾಡುತ್ತಿದ್ದ. ಕನ್ನಡದ ಪದ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಅಪ್ಪನ ದನಿ. ಕರ್ಬಲದ ಬಯಲಲ್ಲಿ ನೀರಿಲ್ಲದೆ ಸತ್ತ ಕೂಸಿನ ಮಾತು ಬಂದಾಗ ಅವನು ಅದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿದ್ದ. ಗಂಗವ್ವ, ಅವಳ ಗಂಡ, ಓಣಿಯ ಮರಾಠರ ಹೆಂಗಸರು, ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಗಂಗವ್ವ ಪಂಜಾಕ್ಕೆ ಹರಕೆ ಹೊತ್ತು ಹಡೆದ ಮಗನಿಗೆ ಫಕೀರಪ್ಪ ಅಂತಲೇ ಹೆಸರು. ಅವ್ವ ಆ ದಿನಗಳಲ್ಲಿ ಮೊಹರಮ್ಮಿನ ಸಿಹಿ ರೊಟ್ಟಿ ಚೋಂಗೆ ಲಟ್ಟಿಸುತ್ತ ಗುನುಗುತ್ತಿದ್ದಳು, ನನ್ನ ತಲೆಗೆ ಎಣ್ಣೆ ಹಚ್ಚುತ್ತ ಸುಮ್ಮಸುಮ್ಮನೆ ನಗುತ್ತಿದ್ದಳು. ನನಗೆ ಇಬ್ಬರು ಅಪ್ಪಂದಿರು ಇದ್ದಾರೆ ಎಂದು ಬಹಳ ವರ್ಷ ನಂಬಿದ್ದೆ. ಒಬ್ಬ ಹತ್ತು ದಿನಕ್ಕೆ ಬಂದು ಹೋಗುವವನು, ಇನ್ನೊಬ್ಬ ಹೋಗದವನು.

ನನಗೆ ಹನ್ನೊಂದು ನಡೆಯುತ್ತಿದ್ದಾಗ ಮಸೀದಿಗೆ ಹೊಸ ಮೌಲಾನಾ ಬಂದರು. ದೂರದ ಕಡೆಯವರು, ಕನ್ನಡ ಬಾರದು, ಉರ್ದುವಿನಲ್ಲಿ ಮೆಲ್ಲಗೆ ಮಾತಾಡುವರು. ಅವರನ್ನು ಕೆಟ್ಟವರೆಂದು ಬರೆದರೆ ನನಗೆ ಪಾಪ ಬರುತ್ತದೆ. ಹೆಣ್ಣು ಹುಡುಗರಿಗೂ ಅಲೀಫ್ ಬೇ ಕಲಿಸಬೇಕೆಂದು ಹಟ ಹಿಡಿದವರು ಅವರೇ; ನಾನು ಓದಲು ಕಲಿತದ್ದು ಅವರ ಕೈಯಲ್ಲಿ. ಹೊಳೆದಂಡೆಯ ಭಟ್ಟಿಗೆ ನಮ್ಮವರು ಹೋಗಬಾರದೆಂದು ಶುಕ್ರವಾರ ಶುಕ್ರವಾರ ಹೇಳಿದವರೂ ಅವರೇ. ಆದರೆ ಅವರು ಬಂದ ವರ್ಷವೇ ಜಮಾತಿನ ಹಿರಿಯರು ಸೇರಿ ಕಟ್ಟುಮಾಡಿದರು: ಇನ್ನು ಮುಂದೆ ಪಂಜಾ ಕೂಡಿಸುವಂತಿಲ್ಲ, ಬೆಂಕಿ ತುಳಿಯುವಂತಿಲ್ಲ, ಪದ ಹಾಡುವಂತಿಲ್ಲ, ಅದೆಲ್ಲ ದೀನಿನಲ್ಲಿ, ಅಂದರೆ ಧರ್ಮದಲ್ಲಿ, ಇಲ್ಲದ್ದು. ಮೀರಿದವರು ಜಮಾತಿನಿಂದ ಹೊರಗೆ. ಅವರ ಮನೆಗೆ ಹೆಣ್ಣು ಕೊಡುವಂತಿಲ್ಲ, ತರುವಂತಿಲ್ಲ. ಸತ್ತರೆ ಹೆಗಲು ಕೊಡುವಂತಿಲ್ಲ. ಮಕಾನಿಗೆ ಬೀಗ ಬಿತ್ತು. ಅಪ್ಪ ಅದನ್ನು ಕೇಳಿ ಬಂದು ಅನ್ನದ ಗಡಿಗೆಯನ್ನು ಅಂಗಳಕ್ಕೆ ಎಸೆದ. ಅದನ್ನು ಆರಿಸಲು ಬಗ್ಗಿದ ಅವ್ವನ ಬೆನ್ನಿಗೆ ಒದ್ದ. ಮೊಹರಮ್ಮು ಇನ್ನೂ ಹದಿನೈದು ದಿನ ದೂರವಿತ್ತು.

ಅದೇ ವಾರ ಇಮಾಮ ಬಂದ. ಎರಡು ವರ್ಷದಲ್ಲಿ ಗಡ್ಡ ಬಂದಿತ್ತು, ದನಿ ಗಟ್ಟಿಯಾಗಿತ್ತು. ಇಚಲಕರಂಜಿಯಲ್ಲಿ ಮಗ್ಗದ ಹುಡುಗರ ಜೋಡಿ ಕೂಡಿ ಐದು ಹೊತ್ತಿನ ನಮಾಜು ಹಿಡಿದಿದ್ದ. ಜಮಾತಿನ ಕಡೆಯವನಾಗಿಯೇ ಊರಿಗೆ ಬಂದಿದ್ದ, ಇಳಿದುಕೊಂಡದ್ದೂ ಮಸೀದಿಯಲ್ಲೇ. ಅಪ್ಪ ಇಲ್ಲದ ಹೊತ್ತು ನೋಡಿ ಮನೆಗೆ ಬಂದು ಒಲೆಯ ಮುಂದೆ ಅವ್ವನ ಹತ್ತಿರ ಕೂತ. ನಾನು ಅವನ ಬೆನ್ನಿಗೆ ಒರಗಿ ಕೂತೆ.

"ಪಂಜಾ ಬ್ಯಾಡ ಅವ್ವಾ. ಅದು ಬೆಳ್ಳಿ ತಗಡು. ಅಪ್ಪಗ ನೀನರ ಹೇಳ."

"ಆ ತಗಡಿನ್ ಸಲುವಾಗಿನ ನನಗ ಹತ್ತ ದಿನಾ ಸಿಗತಾವೋ ತಮ್ಮಾ. ಅವನ್ನ ಕಸಗೊಂಡ್ರ ನನಗೇನ ಉಳೀತೈತಿ?"

"ವರ್ಷಾಪೂರ್ತಿ ಕೊಡಸ್ತೇನಿ. ದೀನಿನ್ಯಾಗ ಬಂದಾವ ಕುಡ್ಯಾಂಗಿಲ್ಲ, ಹೆಂಡ್ತೀನ ಹೊಡ್ಯಾಂಗಿಲ್ಲ. ಜಮಾತ ಅಪ್ಪನ್ನ ಹಾದಿಗೆ ತರತೈತಿ. ನನ್ನ ಮ್ಯಾಲ ಭರವಸಾ ಇಡ."

ಅವ್ವ ರೊಟ್ಟಿ ಮಗುಚುವುದನ್ನು ಮರೆತು ಅವನನ್ನು ನೋಡುತ್ತಿದ್ದಳು. ರೊಟ್ಟಿ ಕರಕಾಯಿತು. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೂಂ ಅಂದದ್ದು ನಾನು. ವರ್ಷಪೂರ್ತಿ ಎಂದು ಕೇಳಿದ ಮೇಲೆ ನನಗೆ ಹತ್ತು ದಿನ ಏನೂ ಅಲ್ಲ ಅನಿಸಿತು. ಹೋಗುವಾಗ ಓಣಿಯ ತಿರುವಿನ ತನಕ ಅವನ ಜೋಡಿ ನಡೆದು, ಅಪ್ಪ ಮಲಗುವ ಹೊತ್ತು, ಅಗಳಿ ತೆಗೆಯುವ ಮಾತು, ಅವನು ಕೇಳಿದ್ದಕ್ಕೆಲ್ಲ ತಲೆಯಾಡಿಸಿದೆ.

ಚಂದ್ರ ಕಂಡಿತು. ಮಕಾನಿಗೆ ಬೀಗವಿದ್ದುದರಿಂದ ಅಪ್ಪ ಬಿಲ್ಲನ್ನೂ ಹತ್ತಿಯನ್ನೂ ಹಿಂದಿನ ಖೋಲಿಗೆ ಸಾಗಿಸಿ, ಮುಂದಿನ ಖೋಲಿಯನ್ನು ಸಗಣಿಯಿಂದ ಸಾರಿಸಿ, ಅಲ್ಲೇ ಪಂಜಾ ಕೂಡಿಸಿದ. ನಮ್ಮ ಜಮಾತಿನ ಒಬ್ಬರೂ ಬರಲಿಲ್ಲ. ಗಂಗವ್ವನ ಮನೆಯವರು ಬಂದರು, ಮರಾಠರ ಮನೆಗಳಿಂದ ಸಕ್ಕರೆ ಬಂತು, ಮಲ್ಲಿಗೆ ಮಾಲೆ ಬಂತು. ಎರಡು ದಿನ ಅಪ್ಪ ಹಾಡಿದ. ಕುಡಿಯಲಿಲ್ಲ, ಕೈ ಎತ್ತಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಮಳೆ ಸ್ವಲ್ಪ ಹೊಳವಾಗಿತ್ತು, ಅಪ್ಪ ಹೊದಿಕೆಯಿಲ್ಲದೆ ಪಂಜಾದ ಮುಂದೆ ಅಡ್ಡಾಗಿದ್ದ, ಅವ್ವ ಹಿಂದೆ ಪಾತ್ರೆ ತಿಕ್ಕುತ್ತಿದ್ದಳು. ಜಮಾತಿನವರಿಗೆ ಹೆದರಿ ಅಗಳಿ ಹಾಕಿದ್ದ ಬಾಗಿಲನ್ನು ಯಾರೋ ಮೆಲ್ಲಗೆ ಬಡಿದರು.

"ಹಜ್ಜೂ. ನಾನು. ತಗಿ."

ನಾನು ಅಗಳಿ ತೆಗೆದೆ.

ಇಮಾಮನ ಹಿಂದೆ ಮೂರು ಜನ ಇದ್ದರು. ಅವನು ನನ್ನನ್ನು ಬದಿಗೆ ಸರಿಸಿ ಒಳಗೆ ಹೋಗಿ ಪಂಜಾದ ಕೋಲಿಗೆ ಕೈ ಹಾಕಿದ. ಮಾಲೆ ಹರಿಯಿತು. ಅಪ್ಪ ಎದ್ದವನೇ ಕೋಲಿನ ಇನ್ನೊಂದು ತುದಿ ಹಿಡಿದ. ಇಬ್ಬರೂ ಜಗ್ಗಾಡಿದರು. ಅಪ್ಪನಿಗೆ ಆಗಲೂ ಮಗನ ಮೇಲೆ ಕೈ ಏಳಲಿಲ್ಲ, ಇದನ್ನು ನಾನು ನೋಡಿದೆ. "ಬಿಡೋ, ಕಾಲ ಬೀಳತೇನಿ ಬಿಡೋ" ಅಂದ. ಬಂದವರಲ್ಲಿ ಒಬ್ಬ ಅಪ್ಪನ ಬಾಯಿಗೆ ಗುದ್ದಿದ. ತುಟಿ ಒಡೆದು ಗದ್ದದ ತನಕ ರಕ್ತ ಇಳಿಯಿತು. ಅಪ್ಪ ನಾಲಿಗೆಯಿಂದ ಅದನ್ನು ಮುಟ್ಟಿ ನೋಡಿದ. ಆಮೇಲೆ ಹಿಂದಿನ ಖೋಲಿಗೆ ಹೋಗಿ ಕೊಡತಿ ಹಿಡಿದುಕೊಂಡು ಬಂದ. ಮೊದಲನೆಯ ಏಟು ಗುದ್ದಿದವನ ಮೊಣಕೈಗೆ. ಅವನು ಒದರುತ್ತ ಓಡಿದ, ಅವನ ಹಿಂದೆ ಉಳಿದಿಬ್ಬರೂ ಓಡಿದರು. ಎರಡನೆಯದು ಇಮಾಮನ ಬೆನ್ನಿಗೆ, ಮೂರನೆಯದು ಕಿವಿಯ ಹಿಂದೆ. ಇಮಾಮ ಬಿದ್ದ. ಬಿದ್ದವನ ಕೈಯಲ್ಲಿ ಪಂಜಾ ಇನ್ನೂ ಇತ್ತು, ಒಂದು ಬೆಳ್ಳಿ ಬೆರಳು ಮಡಚಿಹೋಗಿತ್ತು. ಅವ್ವ ಬೂದಿಗೈಯಲ್ಲೇ ಓಡಿಬಂದು ಮಗನ ಮೇಲೆ ಅಂಗಾತ ಬಿದ್ದಳು.

ಮಗನಿಗೆ ಎತ್ತಿದ್ದು ಹೆಂಡತಿಗೆ ಬಿತ್ತು ಎಂದು ಊರು ಹೇಳಿತು. ನಾನು ಕಂಡದ್ದು ಹಾಗಲ್ಲ. ಅಪ್ಪ ನಿಂತ. ಅವ್ವನ ಮುಖ ನೋಡಿದ. ತೆರೆದ ಬಾಗಿಲು ನೋಡಿದ.

"ಅಗಳಿ ಯಾರ ತಗದ್ರು? ನೀನಽ ತಗದೀ ಹೌದಿಲ್ಲೋ?"

ಅವ್ವ ನನ್ನ ಕಡೆ ನೋಡಲಿಲ್ಲ. "ಹೌದು, ನಾನಽ" ಅಂದಳು. ಅಪ್ಪ ಎರಡೂ ಕೈಯಿಂದ ಕೊಡತಿ ಎತ್ತಿ ಅವಳ ಹೆಗಲ ಮೇಲೆ ಇಳಿಸಿದ. ಕೊರಳ ಕೆಳಗಿನ ಎಲುಬು ಮುರಿದು ಚರ್ಮದೊಳಗೆ ಮೇಲೆ ಎದ್ದು ಕಂಡಿತು. ಮತ್ತೊಮ್ಮೆ ಎತ್ತಿದ. ಅಷ್ಟರಲ್ಲಿ ಗಂಗವ್ವ ಹೊಸಿಲಲ್ಲಿ ನಿಂತು ಕಿರುಚಿದಳು. ಹತ್ತು ದಿನಗಳ ಒಳಗೆ, ಪಂಜಾದ ಮುಂದೆ, ಅವನ ಕೈ ಮೇಲೆ ಇತ್ತು. ಅವನು ಅದನ್ನು ತಾನೇ ನೋಡಿದ ಅಂತ ಕಾಣುತ್ತದೆ. ಕೊಡತಿ ಕೆಳಗೆ ಬಿತ್ತು. ಅವನು ಗೋಡೆಗೆ ಮುಖ ಮಾಡಿ ಕುಕ್ಕರಿಸಿದ. ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಸರಕಾರಿ ದವಾಖಾನೆಯಲ್ಲಿ ಕಂಪೌಂಡರ್ ಮರಾಠಿಯಲ್ಲಿ "ಕಸಂ ಲಾಗಲಂ ಬಾಯಿ?" ಎಂದು ಕೇಳಿದ, ಹೇಗೆ ಪೆಟ್ಟಾಯಿತು ಎಂದು. ಅವ್ವ "ಪಡಲೇ" ಅಂದಳು, ಬಿದ್ದೆ ಅಂತ. ಹಿಂದೆ ನಿಂತ ಗಂಗವ್ವಗೆ ತಡೆಯಲಾಗಲಿಲ್ಲ.

"ಬಿದ್ದಿಲ್ಲರೀ ಸಾಹೇಬ್ರ, ಬಡದಾನ ಆಕೀ ಗಂಡ."

ಅವನು ಬರೆಯುವುದನ್ನು ನಿಲ್ಲಿಸದೆ "ಘರಚಾ ಮಾಮಲಾ" ಅಂದ. ಮನೆಯ ವಿಷಯ. ಇಮಾಮನ ತಲೆಗೆ ಐದು ಹೊಲಿಗೆ ಬಿದ್ದವು. ಜಮಾತಿನವರು ಅವನನ್ನು ಕೈಹಿಡಿದು ಮಸೀದಿಗೆ ಕರಕೊಂಡು ಹೋದರು. ನಾನೂ ಅವ್ವನೂ ಗಂಗವ್ವನ ಮನೆಯ ಪಡಸಾಲೆಯಲ್ಲಿ ಉಳಿದೆವು.

ಆರನೆಯ ದಿನ ಅಪ್ಪನ ಮೇಲೆ ಕ್ರಮ ತಗೊಳ್ಳಲು ಜಮಾತು ಕೂಡಿತು. ಅವ್ವ ಬೆಳಿಗ್ಗೆ ಎದ್ದು, ಒಂದೇ ಕೈಯಲ್ಲಿ ಸೀರೆ ಸುತ್ತಿಕೊಂಡಳು. ಇನ್ನೊಂದು ಕೈ ಕೊರಳಿಗೆ ಕಟ್ಟಿತ್ತು. ನನ್ನನ್ನು ಕರಕೊಂಡು ಮಸೀದಿಯ ಮೆಟ್ಟಿಲಿಗೆ ಬಂದು ನಿಂತಳು. ಒಳಗೆ ಗಂಡಸರು ಚಾಪೆ ಮೇಲೆ ಸಾಲಾಗಿ ಕೂತಿದ್ದರು, ಇಮಾಮ ತಲೆಗೆ ಪಟ್ಟಿ ಕಟ್ಟಿಕೊಂಡು ಮೊದಲ ಸಾಲಿನಲ್ಲೇ ಇದ್ದ. ಹೆಂಗಸು ಅಲ್ಲಿ ಬಂದು ನಿಂತದ್ದೇ ಒಂದು ಗಲಾಟೆ. ಅವ್ವ ಗಲಾಟೆ ಇಳಿಯುವ ತನಕ ಕಾದಳು.

"ಪಂಜಾ ಕುಂಡರಸಬಾರ್ದು ಅಂತ ಕಾಯ್ದೆ ಮಾಡೀರಿ, ಆತ್ರಿ. ಪದಾ ಹಾಡಬಾರ್ದು ಅಂದ್ರಿ, ಅದೂ ಆತ್ರಿ. ನನಗ ಇನ್ನೊಂದ ಕಾಯ್ದೆ ಬೇಕಾಗೇತ್ರಿ. ಹೆಂಡ್ತಿ ಮ್ಯಾಲ ಕೈ ಎತ್ತಿದಾವನೂ ಜಮಾತಿನಿಂದ ಹೊರಗ ಅಂತ ಬರೀರಿ."

ಯಾರೋ ನಕ್ಕರು. ಹಿರಿಯರೊಬ್ಬರು ಗಡ್ಡ ನೀವಿಕೊಂಡು ಹೇಳಿದರು:

"ಅದು ಮನೀ ಮಾತು ಬೀಬವ್ವಾ. ಇಲ್ಲಿ ದೀನಿನ ಮಾತು ನಡದೈತಿ."

"ನನ್ನ ಎಲಬ ದೀನಿನ್ಯಾಗ ಬರೂದಿಲ್ಲೇನ್ರಿ?"

ಮೌಲಾನಾಗೆ ಒಬ್ಬರು ಉರ್ದುವಿನಲ್ಲಿ ಅರ್ಥ ಹೇಳಿದರು. ಅವರು ಎದ್ದು ನಿಂತು, ಕಣ್ಣು ಕೆಳಗಿಟ್ಟು, ಮೆಲ್ಲಗೆ "ಸಬರ್ ಕರೋ ಬೆಹನ್" ಅಂದರು. ತಾಳ್ಮೆ ತಗೋ ತಂಗಿ. ಅವರ ದನಿಯಲ್ಲಿ ಮರುಕವಿತ್ತು, ನಾನು ಸುಳ್ಳು ಹೇಳುವುದಿಲ್ಲ. ಆದರೆ ಅಷ್ಟೇ ಇತ್ತು. ಅವ್ವ ಇಮಾಮನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಅವನು ಚಾಪೆಯ ಒಂದು ಎಳೆಯನ್ನು ಉಗುರಿನಿಂದ ಕೀಳುತ್ತಿದ್ದ.

ಅಂದು ಸಂಜೆ ಜಮಾತಿನವರು ಬಂದು ಪೆಟ್ಟಿಗೆ ಸಮೇತ ಪಂಜಾ ಒಯ್ದರು. ಅಪ್ಪ ತಡೆಯಲಿಲ್ಲ. "ನನ್ನ ಕೈ ಹೊಲಸಾಗೇತಿ, ನಾ ಮುಟ್ಟಾಂಗಿಲ್ಲ, ಒಯ್ಯರಿ" ಅಂದನಂತೆ. ಹೊಳೆಯಲ್ಲಿ ಬಿಟ್ಟರೋ, ಎಲ್ಲಿ ಇಟ್ಟರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗಂಗವ್ವ ಮೂರು ದಿನ ಉಣ್ಣಲಿಲ್ಲ. ಅವಳ ದೇವರನ್ನೂ ಅದೇ ಪೆಟ್ಟಿಗೆಯಲ್ಲಿ ಒಯ್ದಿದ್ದರು. ಅವಳನ್ನು ಯಾರೂ ಕೇಳಿರಲಿಲ್ಲ.

ಎಲುಬು ಪೂರ್ತಿ ಕೂಡುವ ಮೊದಲೇ ಅವ್ವ ಗಡಹಿಂಗ್ಲಜ ಬಿಟ್ಟಳು. ನಿಪ್ಪಾಣಿ ಮೇಲೆ ಹಾದು ಇಚಲಕರಂಜಿಗೆ ಬಂದೆವು. ನೇಕಾರರ ಓಣಿಯಲ್ಲಿ ಒಂದೇ ಖೋಲಿ. ಗೋಡೆಯ ಆಚೆ ಹಗಲೆಲ್ಲ ಮಗ್ಗದ ಖಟಾಖಟಿ, ಗೋಡೆಗೆ ಕಿವಿ ಇಟ್ಟರೆ ಹಲ್ಲು ಅಲುಗುತ್ತಿತ್ತು. ಇಬ್ಬರೂ ಕಾಂಡಿ ತುಂಬುತ್ತಿದ್ದೆವು, ಅಂದರೆ ಮಗ್ಗದ ಲಾಳಿಗೆ ನೂಲು ಸುತ್ತಿಕೊಡುವ ಕೆಲಸ. ಅವ್ವನ ಬಲಗೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ಸ್ವಲ್ಪ ದಿನಕ್ಕೆ ಇಮಾಮನೂ ಮಗ್ಗಕ್ಕೆ ಮರಳಿ, ಬಾಗಿಲಿಗೆ ಬಂದು ನಿಂತ.

"ಅಷ್ಟ ಮಂದಿ ಮುಂದ ನಾ ಏನ ಮಾತಾಡ್ಲಿ ಅವ್ವಾ?"

"ಪಂಜಾ ಕೀಳಾಕ ಬಂದಾಗ ಭಾಳ ಮಾತ ಬರತಿದ್ದುವಲ್ಲೋ ನಿನಗ."

ತಾಟು ಹಾಕಿದಳು, ಉಣಿಸಿದಳು. ಆದರೆ ಬಹಳ ವರ್ಷ ಅವನ ಜೋಡಿ ಬೇಕಾದಷ್ಟೇ ಮಾತು. ಅಪ್ಪ ಜಮಾತಿನ ಮುಂದೆ ತಪ್ಪಾಯಿತೆಂದು ತೌಬಾ ಮಾಡಿ ಒಳಗೆ ಸೇರಿದ, ಕುಡಿತ ಬಿಡಲಿಲ್ಲ. ಮೂರನೆಯ ಮಳೆಗಾಲಕ್ಕೆ ಎದೆ ಕಟ್ಟಿ ಸತ್ತ. ಮಣ್ಣಿಗೆ ಇಮಾಮ ಹೋದ. ಅವ್ವ ಅಂದು ಕಾಂಡಿ ತುಂಬಲಿಲ್ಲ. ಬಳೆ ಒಡೆದುಕೊಂಡಳು, ಅತ್ತಳು ಕೂಡ. ಯಾವ ಅಪ್ಪನಿಗೆ ಅತ್ತಳೋ ನಾನು ಕೇಳಲಿಲ್ಲ. ಆ ಮಧ್ಯಾಹ್ನವೇ, ಅವಳ ಕಾಲ ಬಳಿ ಕೂತು, ಅಗಳಿ ತೆಗೆದದ್ದು ನಾನು ಎಂದು ಹೇಳಿದೆ.

"ಗೊತ್ತೈತಿ. ನಿಮ್ಮಪ್ಪನ್ನ ಬಿಟ್ರ ಮನ್ಯಾಗ ಇದ್ದದ್ದ ನಾವು ಇಬ್ಬರು, ನಾ ಪಾತ್ರೆ ತಿಕ್ಕಾಕತ್ತಿದ್ದೆ."

"ನಾ ಹೇಳಿದ್ರ ನಿನಗ ಏಟ ತಪ್ಪತಿತ್ತು."

"ನಿನಗ ಬೀಳತಿತ್ತು." ಅವ್ವ ಮೂಗು ಒರೆಸಿಕೊಂಡಳು. "ಬಾಗಿಲಾ ತಗದದ್ದು ತಪ್ಪಲ್ಲವಾ. ಸುಮ್ಮನ ನಿಂತಿದ್ದಿ ನೋಡ, ಅದು ಮತ್ತ ಆಗಬಾರ್ದು."

ನನಗೆ ಹತ್ತೊಂಬತ್ತಾದಾಗ ಕೊಲ್ಹಾಪುರದಿಂದ ಸಂಬಂಧ ಬಂತು. ಹುಡುಗ ಮಗ್ಗ ರಿಪೇರಿ ಮಾಡುವವನು. ನಿಕಾಹದ ದಿನ ಚಪ್ಪರದಲ್ಲಿ ಗಂಡಸರು, ಒಳಗೆ ಹೆಂಗಸರು, ನಡುವೆ ಒಂದು ಚಾದರ. ಒಪ್ಪಿಗೆ ಕೇಳಲು ಇಬ್ಬರು ಸಾಕ್ಷಿಗಳು ಚಾದರದ ಹತ್ತಿರ ಬಂದರು. ನಾನು ಕುಬೂಲ್, ಒಪ್ಪಿದೆ, ಅನ್ನಲಿಲ್ಲ. ಚಪ್ಪರಕ್ಕೆಲ್ಲ ಕೇಳುವ ಹಾಗೆ ಹೇಳಿದೆ:

"ಮೊದಲ ಒಂದ ಮಾತ ಬರಕೊಳ್ರಿ. ಗಂಡ ಕೈ ಎತ್ತಿದ್ರ ನಾ ಮನಿ ಬಿಟ್ಟ ಹೋಗಾಕಿ, ತಲಾಕ ತಗೊಳ್ಳೂ ಹಕ್ಕ ನನ್ನದು."

ಚಪ್ಪರ ಒಮ್ಮೆಲೇ ಎದ್ದಿತು. ಹುಡುಗನ ಅಪ್ಪ "ನಮ್ಮ ಮನೆತನಾ ಏನಂತ ತಿಳದಾಳ ಈಕಿ" ಎಂದು ಚಪ್ಪಲಿ ಹುಡುಕಿದರು. ಕಾಜಿ ಪುಸ್ತಕ ತಿರುವಿ ಹೇಳಿದರು:

"ಇಂಥಾದ ಬರಿಯಾಕ ಇದರಾಗ ಜಾಗಾನ ಇಲ್ಲವಾ."

ಅವ್ವ ಚಾದರದ ಅಂಚಿಗೆ ಬಂದಳು.

"ಜಾಗಾ ಇಲ್ಲಂದ್ರ ಅಂಚಿನ್ಯಾಗ ಬರೀರಿ."

ಆಗ ಗಂಡಸರ ನಡುವಿನಿಂದ ಇಮಾಮನ ದನಿ ಕೇಳಿತು.

"ಬರೀರಿ ಕಾಜಿಸಾಬ್. ದೀನಿನ್ಯಾಗ ಶರತ್ತ ಹಾಕೂ ಹಕ್ಕ ಹೆಣ್ಣಿಗೆ ಐತಿ, ನಾ ಓದೇನಿ. ಬರೀಲಿಲ್ಲಂದ್ರ ಈ ನಿಕಾಹ ಇಲ್ಲ."

ಹುಡುಗ ಅಷ್ಟು ಹೊತ್ತು ತಲೆ ಬಗ್ಗಿಸಿ ಕೂತಿದ್ದನಂತೆ. ಮುಖದ ಮೇಲಿನ ಹೂವಿನ ಸೇರಾ ಸರಿಸಿ "ನಂದೇನ ತಕರಾರಿಲ್ಲ, ಬರೀರಿ" ಅಂದನಂತೆ. ಅವನ ಕಡೆಯ ಅರ್ಧ ಮಂದಿ ಉಣ್ಣದೆ ಎದ್ದು ಹೋದರು, ಅವನ ಅಪ್ಪನೂ ಹೋದರು. ಕಾಜಿ ಮಸಿಯಲ್ಲಿ ಲೆಕ್ಕಣಿಕೆ ಅದ್ದಿ ಪುಟದ ಅಂಚಿನಲ್ಲಿ ಉರ್ದುವಿನಲ್ಲಿ ಬರೆದು ಓದಿದರು.

"ಕನ್ನಡದಾಗ ಹೇಳ್ರಿ" ಅಂದಳು ಅವ್ವ.

ಅವರು ಕನ್ನಡದಲ್ಲಿ ಹೇಳಿದರು. ಅವ್ವ ಮತ್ತೊಮ್ಮೆ ಹೇಳಿಸಿದಳು, ಹೊರಗಿನ ಓಣಿಯವರಿಗೂ ಕೇಳುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ಈಗ ಅನ್ನು" ಅಂದಳು.

ನಾನು ಮೂರು ಸಲ ಕುಬೂಲ್ ಅಂದೆ.